ಟಿಪ್ಪು ಎಂಬ ಹೆಸರು

ರಸೆಲ್ ಮಾರುಕಟ್ಟೆಯಲ್ಲಿ ನಾನು ಬಹುಕಾಲದಿಂದ ಹಣ್ಣು ಕೊಳ್ಳುವ ವ್ಯಾಪಾರಿಯೊಬ್ಬರಿದ್ದಾರೆ. ನಾನು ಕನ್ನಡದ ಮೇಷ್ಟ್ರೆಂಬುದನ್ನು ಅವರು ಬಲ್ಲರು. ಒಂದು ಬೆಳಗ್ಗೆ ಸೀಬೆಹಣ್ಣು ತೂಗುತ್ತ, “ಮೊಮ್ಮಗನಿಗೆ ಟೀಪೂ ಅಂತ ಹೆಸರಿಡ್ತೀವಿ ಸಾರ್. ಕನ್ನಡದಲ್ಲಿ ಹುಲಿ ಅಂತ ಅರ್ಥವಂತೆ, ಹೌದಾ?” ಎಂದರು. ನನಗೆ ಥಟ್ಟನೆ ಉತ್ತರ ಹೊರಡಲಿಲ್ಲ. ತರಗತಿಯಲ್ಲಿ ಅನೇಕ ವರ್ಷ ನಾನೂ ಅದನ್ನೇ ಹೇಳಿದ್ದೆ.

ಹೇಳಿದ್ದು ಇಂಗ್ಲಿಷ್ ಪುಸ್ತಕಗಳನ್ನು ನಂಬಿ. ನನ್ನ ತಾಯ್ನುಡಿಯ ಮಾತಿಗೆ ಪರಭಾಷೆಯವರಿಂದ ಅರ್ಥ ಕೇಳಿದೆನಲ್ಲಾ ಎಂದು ಈಗ ನಾಚಿಕೆಯಾಗುತ್ತದೆ. ಕನ್ನಡದಲ್ಲಿ ಹುಲಿಗೆ ಹುಲಿಯೆಂದೇ ಹೆಸರು, ಹಳಗನ್ನಡದಲ್ಲಿ ಪುಲಿ. ಊಹೆ ಹುಟ್ಟಿದ ಬಗೆಯೇನೋ ತಿಳಿಯುವಂಥದು. ಸುಲ್ತಾನನ ಸಿಂಹಾಸನಕ್ಕೆ ಹುಲಿ, ಸಿಪಾಯಿಗಳ ಅಂಗಿಗೆ ಹುಲಿಪಟ್ಟೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಸಾಗಿಸಿದ ಮರದ ಹುಲಿಯೊಂದು ಇಂದಿಗೂ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಐರೋಪ್ಯನೊಬ್ಬನ ಮೇಲೆರಗಿ ಕುಳಿತಿದೆ. ಲಾಂಛನವನ್ನೇ ಹೆಸರಿನ ಅರ್ಥವೆಂದು ಬಗೆದಿರಬೇಕು.

ಪರಂಪರೆ ಹೇಳುವುದೇ ಬೇರೆ. ಹೈದರಾಲಿಯ ಪತ್ನಿ ಫಕ್ರುನ್ನೀಸಾ ಬಸುರಿಯಾಗಿದ್ದಾಗ ಆರ್ಕಾಟಿನಲ್ಲಿರುವ ಟೀಪೂ ಮಸ್ತಾನ್ ಔಲಿಯಾ ಎಂಬ ಸಂತರ ಗೋರಿಯಲ್ಲಿ ಹರಕೆ ಹೊತ್ತರಂತೆ. 1750ರ ಸುಮಾರಿಗೆ ದೇವನಹಳ್ಳಿಯಲ್ಲಿ ಹುಟ್ಟಿದ ಮಗುವಿಗೆ ಆ ಹೆಸರನ್ನೂ, ಅಜ್ಜ ಫತೇ ಮಹಮ್ಮದನ ನೆನಪಿಗೆ ಫತೇ ಅಲಿ ಎಂಬುದನ್ನೂ ಇಟ್ಟರು. ನನಗೆ ಇದೇ ಒಪ್ಪಿತವಾದುದು. ಆದರೆ ಒಗಟು ಇಲ್ಲಿಗೆ ಬಿಡಿಸಲಿಲ್ಲ. ದೇವನಹಳ್ಳಿಯಿಂದ ಆರ್ಕಾಟಿಗೆ ಸರಿಯಿತು, ಅಷ್ಟೆ. ಮಸ್ತಾನ್ ಎಂದರೆ ದೈವೋನ್ಮತ್ತ, ಔಲಿಯಾ ಎಂದರೆ ಸಂತ. ಅವೆರಡೂ ಬಿರುದುಗಳು. ಉಳಿದ ‘ಟೀಪೂ’ ಎಂಬುದಕ್ಕೆ ಅರಬ್ಬಿ, ಪಾರಸಿಗಳ ಆಸರೆ ಕಾಣದು.

ಆಗ ಕನ್ನಡಿಗನ ಕಿವಿ ಸಹಜವಾಗಿ ‘ತಿಪ್ಪ’ನ ಕಡೆಗೆ ಹೊರಳುತ್ತದೆ. ಹುಟ್ಟಿದ ಮಕ್ಕಳು ನಿಲ್ಲದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೊಮ್ಮೆ ಮಲಗಿಸಿ ಎತ್ತಿಕೊಂಡು ತಿಪ್ಪ, ತಿಪ್ಪಮ್ಮ ಎಂದು ಕರೆಯುವ ವಾಡಿಕೆ ನಮ್ಮಲ್ಲಿತ್ತು. ಕಸವೆಂದು ತಿಳಿದು ಮೃತ್ಯು ಮುಟ್ಟದಿರಲಿ ಎಂಬ ಹೆತ್ತವರ ಉಪಾಯವದು. ಹೆಸರು ತಿಪ್ಪೆಯದಾದರೂ ಅದರ ನಡೆ ಅರಮನೆಯವರೆಗೂ ಉಂಟು. ವಾಮನನ ಅಲಂಕಾರಸೂತ್ರಗಳಿಗೆ ‘ಕಾಮಧೇನು’ ಎಂಬ ವ್ಯಾಖ್ಯಾನ ಬರೆದ 15ನೆಯ ಶತಮಾನದ ಸಾಳುವ ಅರಸುಮಗನು ಗೋಪೇಂದ್ರ ತಿಪ್ಪಭೂಪಾಲ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ತೇರನ್ನು ಚಿತ್ರದುರ್ಗದ ಸೀಮೆಯವರಿಗೆ ನಾನು ಬಣ್ಣಿಸಬೇಕಿಲ್ಲ.

ತಿಪ್ಪನೇ ಟಿಪ್ಪು ಆದನೇ? ಮನಸ್ಸಿಗೆ ಹಿತವಾದ ಊಹೆ, ಅದಕ್ಕಾಗಿಯೇ ಅನುಮಾನಿಸಬೇಕು. ತಿಪ್ಪನದು ದಂತ್ಯ ತಕಾರ, ಹ್ರಸ್ವ ಇಕಾರ, ಒತ್ತಿದ ಪಕಾರ. ಉರ್ದುವಿನ ಟೀಪೂವಿನದು ಮೂರ್ಧನ್ಯ ಟಕಾರ, ದೀರ್ಘ ಈಕಾರ, ಬಿಡಿ ಪಕಾರ. ಇಂಗ್ಲಿಷಿನ ಒಂದೇ ‘ಟಿ’ ಅಕ್ಷರದಲ್ಲಿ ಈ ಭೇದ ಅಳಿದುಹೋಗುತ್ತದೆ. ಪಕಾರವನ್ನು ಒತ್ತಿ ‘ಟಿಪ್ಪು’ ಎಂದವರು ಪ್ರಾಯಶಃ ನಾವೇ; ತಿಪ್ಪಣ್ಣ, ಅಪ್ಪಣ್ಣರಿಗೆ ಪಳಗಿದ ನಾಲಗೆಯಲ್ಲವೆ! ಬೇರಿನ ನಂಟನ್ನು ಸಾಧಿಸಲು ಇಷ್ಟು ಸಾಲದು.

ಹುಲಿಯಲ್ಲ, ಸಂತರೊಬ್ಬರ ಹೆಸರು ಎಂದೆ. ವ್ಯಾಪಾರಿ ತಕ್ಕಡಿಯನ್ನು ಕೆಳಗಿಟ್ಟರು. ಹುಲಿ ಹೋದುದಕ್ಕೆ ಅವರ ಮುಖ ತುಸು ಸಪ್ಪೆಯಾಯಿತೇನೋ. “ಔಲಿಯಾರ ಹೆಸರಾದರೆ ಇನ್ನೂ ಒಳ್ಳೆಯದೇ ಆಯಿತು” ಎಂದರು. ಸ್ವಲ್ಪ ತಡೆದು, “ಹುಡುಗನ ತಾಯಿಗೆ ಮಾತ್ರ ಹುಲಿ ಅಂತಲೇ ಹೇಳಿಬಿಟ್ಟಿದ್ದೀನಿ ಸಾರ್” ಎಂದು ಎರಡು ಹಣ್ಣು ಹೆಚ್ಚಿಗೆ ಹಾಕಿದರು.