ಕಡಿದ ಹಗ್ಗ, ಹಿಗ್ಗುವ ಹಗ್ಗ

ಹತ್ತೊಂಬತ್ತನೆಯ ಶತಮಾನದ ಆಲ್ಪ್ಸ್ ಪರ್ವತಾರೋಹಿಗಳು ನಾರಿನಿಂದ ಹೊಸೆದ ಹಗ್ಗವನ್ನು ನೇರವಾಗಿ ಸೊಂಟಕ್ಕೆ ಸುತ್ತಿ ಗಂಟು ಹಾಕಿಕೊಳ್ಳುತ್ತಿದ್ದರು. ಯಾವ ಹಗ್ಗ ಗಟ್ಟಿ ಎಂಬುದನ್ನು ಮಾರುವವರ ಮಾತಿಗೇ ಬಿಡಬಾರದೆಂದು ಲಂಡನ್ನಿನ ಆಲ್ಪೈನ್ ಕ್ಲಬ್ ಒಂದು ಸಮಿತಿ ಮಾಡಿತು. ಆಳುತೂಕದ ಭಾರವನ್ನು ಹಗ್ಗಕ್ಕೆ ಕಟ್ಟಿ ಬೀಳಿಸಿ ನೋಡಿದ ಸಮಿತಿ 1864ರಲ್ಲಿ ವರದಿ ಕೊಟ್ಟಿತು. ಪರೀಕ್ಷೆಯಲ್ಲಿ ಗೆದ್ದ ಹಗ್ಗಗಳು ಕೆಲವೇ. ಮನಿಲಾ ನಾರಿನದು ಅವುಗಳಲ್ಲೊಂದು.

ಮರುವರ್ಷವೇ, 1865ರ ಜುಲೈ 14ರಂದು, ಎಡ್ವರ್ಡ್ ವಿಂಪರ್ ತಂಡದ ಏಳು ಮಂದಿ ಮ್ಯಾಟರ್‌ಹಾರ್ನ್ ಶಿಖರವನ್ನು ಮೊದಲ ಬಾರಿಗೆ ಏರಿದರು. ಇಳಿಯುವಾಗ ಒಬ್ಬನ ಕಾಲು ಜಾರಿ, ಕೆಳಗಿದ್ದವನಿಗೆ ಬಡಿದು, ನಾಲ್ವರು ಒಟ್ಟಿಗೇ ಉರುಳಿದರು. ಮೇಲಿದ್ದ ಮಾರ್ಗದರ್ಶಿ ಪೀಟರ್ ಟೌಗ್ವಾಲ್ಡರ್‌ನಿಗೂ ಅವರಿಗೂ ನಡುವಿನ ಹಗ್ಗ ಕಡಿಯಿತು, ನಾಲ್ವರೂ ಸತ್ತರು. ಹಗ್ಗವನ್ನು ಆತನೇ ಕತ್ತರಿಸಿದನೆಂಬ ಗುಸುಗುಸು ಹಬ್ಬಿತಾದರೂ ವಿಚಾರಣೆಯಲ್ಲಿ ಅದಕ್ಕೆ ಆಧಾರ ಸಿಗಲಿಲ್ಲ. ಸಮಿತಿ ಒಪ್ಪಿದ 200 ಅಡಿ ಮನಿಲಾ ಹಗ್ಗ ತಂಡದ ಬಳಿಯೇ ಇತ್ತು. ಆ ಜಾಗದಲ್ಲಿ ಕಟ್ಟಿಕೊಂಡಿದ್ದು ಮಾತ್ರ ಮೂರು ಬಗೆಯ ಹಗ್ಗಗಳಲ್ಲಿ ಅತಿ ದುರ್ಬಲವಾದದ್ದನ್ನು. ಮಾನದಂಡ ಇದ್ದರೆ ಸಾಲದು ಎಂಬುದಕ್ಕೆ ಇದಕ್ಕಿಂತ ಕಟುವಾದ ನಿದರ್ಶನ ಸಿಗದು.

ಒಳ್ಳೆಯ ನಾರಿನ ಹಗ್ಗದಲ್ಲೂ ಒಂದು ಕೊರತೆಯಿತ್ತು: ಅದು ಹೆಚ್ಚು ಹಿಗ್ಗುತ್ತಿರಲಿಲ್ಲ. ಬಿದ್ದವನನ್ನು ಥಟ್ಟನೆ ತಡೆದಾಗ ಹಗ್ಗ ಕಡಿಯುತ್ತಿತ್ತು, ಇಲ್ಲವೇ ಪಕ್ಕೆಲುಬು ಮುರಿಯುತ್ತಿತ್ತು. ಹಾಗಾಗಿಯೇ ಎಲ್ಲರಿಗಿಂತ ಮುಂದೆ ಏರುವ ಮುಂದಾಳು ಬೀಳಲೇಬಾರದು ಎಂಬ ನಿಯಮ ಬಹುಕಾಲ ನಡೆದುಬಂತು. ಎರಡನೆಯ ಮಹಾಯುದ್ಧದಲ್ಲಿ ಫಿಲಿಪೀನ್ಸ್ ಜಪಾನಿನ ವಶವಾಗಿ ಮನಿಲಾ ನಾರಿನ ಪೂರೈಕೆ ನಿಂತದ್ದು ಅಮೆರಿಕದ ಸೇನೆ ನೈಲಾನ್ ಹಗ್ಗದತ್ತ ಹೊರಳಲು ಒಂದು ಕಾರಣ. ನೈಲಾನ್ ಗಟ್ಟಿಯಷ್ಟೇ ಅಲ್ಲ, ಚೆನ್ನಾಗಿ ಹಿಗ್ಗುತ್ತದೆ. ಬೀಳುವಿಕೆಯ ಶಕ್ತಿಯನ್ನು ನುಂಗುತ್ತದೆ. ಹಗ್ಗ ಎಷ್ಟು ಭಾರ ತಡೆಯುತ್ತದೆ ಎಂಬ ಹಳೆಯ ಪ್ರಶ್ನೆಯ ಪಕ್ಕಕ್ಕೆ, ಮೈಗೆ ಎಷ್ಟು ಪೆಟ್ಟು ಮುಟ್ಟಿಸುತ್ತದೆ ಎಂಬ ಹೊಸ ಪ್ರಶ್ನೆ ಬಂದದ್ದು ಆಗ. 1932ರಲ್ಲಿ ಸ್ಥಾಪನೆಯಾದ ಪರ್ವತಾರೋಹಣ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟ, ಯುಐಎಎ, 1960ರ ದಶಕದಲ್ಲಿ ಹಗ್ಗಗಳಿಗೆ ಮುದ್ರೆ ಒತ್ತತೊಡಗಿತು. ಒಂಟಿಯಾಗಿ ಬಳಸುವ ಹಗ್ಗ ಇಂದಿನ ಪರೀಕ್ಷೆಯಲ್ಲಿ 80 ಕಿಲೋ ಭಾರದ ಕನಿಷ್ಠ ಐದು ಬೀಳುಗಳನ್ನು ತಾಳಬೇಕು. ಮೊದಲ ಬೀಳಿನ ಸೆಳೆತ 12 ಕಿಲೋನ್ಯೂಟನ್ ಮೀರಬಾರದು. ಇದು ಸುಮಾರು 1,200 ಕಿಲೋ ತೂಕಕ್ಕೆ ಸಮ.

ರಕ್ಷಣಾ ಕಾರ್ಯದ ಹಗ್ಗದ ಕಥೆ ಬೇರೆ. ಗಾಯಾಳುವನ್ನು ಇಳಿಸುವಾಗ ಹಗ್ಗ ಜೋಲಾಡಿದರೆ ಕೆಲಸ ಕೆಡುತ್ತದೆ. ಅಲ್ಲಿಗೆ ಕಡಿಮೆ ಹಿಗ್ಗುವುದೇ ಬೇಕು. 1980ರಲ್ಲಿ ನ್ಯೂಯಾರ್ಕಿನಲ್ಲಿ ರಕ್ಷಣೆಯ ನಡುವೆ ಹಗ್ಗ ಕಡಿದು ಅಗ್ನಿಶಾಮಕ ದಳದ ಇಬ್ಬರು ಸತ್ತರು. ಜೀವರಕ್ಷಕ ಹಗ್ಗ ಮತ್ತು ಹಾರ್ನೆಸ್‌ಗಳ (ಮೈಗೆ ಬಿಗಿಯುವ ಪಟ್ಟಿಗಳ) ಅಮೆರಿಕನ್ ಮಾನದಂಡ ಎನ್‌ಎಫ್‌ಪಿಎ 1983 ಹೊರಬಂದದ್ದು ಆ ಬಳಿಕ, 1985ರಲ್ಲಿ. ಹೆಸರಿನಲ್ಲಿರುವ 1983 ಇಸವಿಯಲ್ಲ, ಕ್ರಮಸಂಖ್ಯೆ.

ಸೊಂಟಕ್ಕೇ ಕಟ್ಟಿಕೊಳ್ಳುವ ಹಳೆಯ ಪದ್ಧತಿ ಕಟ್ಟಡ ಕಾರ್ಮಿಕರ ಸೊಂಟಪಟ್ಟಿಯಲ್ಲಿ ಇನ್ನೂ ಕೆಲಕಾಲ ಉಳಿಯಿತು. ಬಿದ್ದವನ ಪೂರ್ತಿ ಸೆಳೆತ ಹೊಟ್ಟೆಗೇ ಬೀಳುವುದರಿಂದಲೂ ತೂಗಾಡುವಾಗ ಉಸಿರು ಕಟ್ಟುವುದರಿಂದಲೂ, ಬೀಳುವಿಕೆ ತಡೆಯಲು ಅದನ್ನು ಬಳಸುವುದನ್ನು ಅಮೆರಿಕ 1998ರ ಜನವರಿ 1ರಿಂದ ನಿಷೇಧಿಸಿತು. ಆ ಜಾಗಕ್ಕೆ ತೊಡೆ, ಭುಜಗಳಿಗೆ ಭಾರ ಹಂಚುವ ಪೂರ್ಣದೇಹದ ಹಾರ್ನೆಸ್ ಬಂತು. ಭಾರತದಲ್ಲಿ ಇದಕ್ಕೆ ಅನ್ವಯಿಸುವ ಮಾನಕ ಐಎಸ್ 3521. ಹಾರ್ನೆಸ್‌ಗೂ ಆಧಾರಬಿಂದುವಿಗೂ ನಡುವೆ ಮಡಿಸಿ ಹೊಲಿದ ಪಟ್ಟಿಯೊಂದಿರುತ್ತದೆ. ಬಿದ್ದಾಗ ಹೊಲಿಗೆ ಬೇಕೆಂದೇ ಹರಿಯುತ್ತಾ ಹೋಗಿ, ಐರೋಪ್ಯ ಮಾನದಂಡದಂತೆ, ಮೈಗೆ ತಾಗುವ ಸೆಳೆತವನ್ನು 6 ಕಿಲೋನ್ಯೂಟನ್ ಒಳಗೆ ಇಡುತ್ತದೆ.