ತಸ್ಲಿಮ್ ಒಲಾವಾಲೆ ಇಲಾಯಸ್

ಇಲಾಯಸ್, ತಸ್ಲಿಮ್ ಒಲಾವಾಲೆ (1914–1991): ನೈಜೀರಿಯದ ಅಂತಾರಾಷ್ಟ್ರೀಯ ಕಾನೂನು ವಿದ್ವಾಂಸ, ಲಾಗೋಸ್ ವಿಶ್ವವಿದ್ಯಾಲಯದ ಕಾನೂನು ನಿಕಾಯದ ಡೀನ್, ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದ ಅಧ್ಯಕ್ಷರಾದ ಮೊದಲ ಆಫ್ರಿಕನ್. ಹೊಸದಾಗಿ ಸ್ವತಂತ್ರವಾದ ದೇಶಗಳು ಅಂತಾರಾಷ್ಟ್ರೀಯ ಕಾನೂನನ್ನು ಪಾಲಿಸುವುದಷ್ಟೇ ಅಲ್ಲ, ಅದನ್ನು ರೂಪಿಸುವುದರಲ್ಲೂ ಪಾಲು ಪಡೆಯಬೇಕೆಂಬುದಕ್ಕೆ ಇವರ ವೃತ್ತಿಜೀವನವೇ ನಿದರ್ಶನ.

ಆರಂಭಿಕ ಜೀವನ: 1914ರ ನವೆಂಬರ್ 11ರಂದು ಲಾಗೋಸ್‌ನಲ್ಲಿ ಹುಟ್ಟಿದರು. ಲಂಡನ್ನಿನಲ್ಲಿ ಓದಿ 1947ರಲ್ಲಿ ಬ್ಯಾರಿಸ್ಟರ್ ಆದರು. 1949ರಲ್ಲಿ ಲಂಡನ್ ವಿಶ್ವವಿದ್ಯಾಲಯದಿಂದ ಕಾನೂನಿನಲ್ಲಿ ಡಾಕ್ಟರೇಟ್ ಪಡೆದರು. 1956ರಲ್ಲಿ ದೆಹಲಿ ವಿಶ್ವವಿದ್ಯಾಲಯಕ್ಕೆ ಅತಿಥಿ ಪ್ರಾಧ್ಯಾಪಕರಾಗಿ ಬಂದು, ಅಲ್ಲಿ ಆಫ್ರಿಕಾ ಅಧ್ಯಯನ ವಿಭಾಗವನ್ನು ಕಟ್ಟಲು ನೆರವಾದರು. ಅದೇ ವರ್ಷ 'ದಿ ನೇಚರ್ ಆಫ್ ಆಫ್ರಿಕನ್ ಕಸ್ಟಮರಿ ಲಾ' ಪ್ರಕಟವಾಯಿತು. ಆಫ್ರಿಕಾದ ರೂಢಿಗಳನ್ನು ಬರಿಯ ಕಟ್ಟಳೆಗಳೆಂದು ಬದಿಗಿಡುವಂತಿಲ್ಲ, ಅವೂ ನಿಜವಾದ ಅರ್ಥದಲ್ಲಿ ಕಾನೂನೇ ಎಂದು ಈ ಗ್ರಂಥ ಪ್ರತಿಪಾದಿಸಿತು.

ಸರ್ಕಾರ ಮತ್ತು ವಿಶ್ವವಿದ್ಯಾಲಯ: ನೈಜೀರಿಯ ಸ್ವತಂತ್ರವಾದ 1960ರಲ್ಲಿ ಅಟಾರ್ನಿ ಜನರಲ್ ಹಾಗೂ ಕಾನೂನು ಮಂತ್ರಿಯಾದರು. 1966ರಿಂದ 1972ರವರೆಗೆ ಲಾಗೋಸ್‌ನಲ್ಲಿ ಪ್ರಾಧ್ಯಾಪಕ ಮತ್ತು ಡೀನ್. 1972ರಲ್ಲಿ ದೇಶದ ಮುಖ್ಯ ನ್ಯಾಯಮೂರ್ತಿಯಾದರು. 1975ರ ಸೈನಿಕ ಕ್ಷಿಪ್ರಕ್ರಾಂತಿಯ ನಂತರ ಆ ಹುದ್ದೆ ಕೈತಪ್ಪಿತು.

ವಿಯೆನ್ನಾ ಸಮ್ಮೇಳನ: ಡೀನ್ ಆಗಿದ್ದಾಗಲೇ, 1968–69ರಲ್ಲಿ ವಿಯೆನ್ನಾದಲ್ಲಿ ನಡೆದ ಕೌಲುಗಳ ಕಾನೂನಿನ ಸಮ್ಮೇಳನದ ಪೂರ್ಣಸಮಿತಿಗೆ ಅಧ್ಯಕ್ಷರಾಗಿದ್ದರು. ಕೌಲೊಂದು ಅಸಿಂಧು ಎಂಬ ವಾದ ಎದ್ದಾಗ ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆ ಕೊನೆಯ ದಿನಗಳವರೆಗೂ ಬಗೆಹರಿದಿರಲಿಲ್ಲ. ನ್ಯಾಯಾಲಯದ ಕಡ್ಡಾಯ ಅಧಿಕಾರವಿಲ್ಲದಿದ್ದರೆ ಸಹಿ ಹಾಕೆವು ಎಂದು ಪಶ್ಚಿಮದ ಅನೇಕ ದೇಶಗಳು ಪಟ್ಟು ಹಿಡಿದಿದ್ದವು. ಸೋವಿಯತ್ ಬಣ ಅದನ್ನು ಒಪ್ಪಲಿಲ್ಲ. ಆಗ ಆಫ್ರಿಕಾ ಮತ್ತು ಅರಬ್ ದೇಶಗಳ ಗುಂಪಿನ ಪರವಾಗಿ ಇಲಾಯಸ್ ರಾಜಿಸೂತ್ರವೊಂದನ್ನು ಮುಂದಿಟ್ಟರು. ಯಾವ ಒಪ್ಪಂದದಿಂದಲೂ ಮೀರಲಾಗದ ಮೂಲನಿಯಮಗಳ ಕುರಿತ ವ್ಯಾಜ್ಯವನ್ನು ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಒಯ್ಯಬಹುದು. ಉಳಿದವಕ್ಕೆ ಸಂಧಾನ ಸಮಿತಿ. ಪರ 61, ವಿರುದ್ಧ 20 ಮತ ಬಿದ್ದವು. 26 ದೇಶಗಳು ತಟಸ್ಥವಾಗಿದ್ದವು. ಇದೇ ವಿಯೆನ್ನಾ ಒಡಂಬಡಿಕೆಯ 66ನೆಯ ವಿಧಿಯಾಯಿತು. 1980ರ ಜನವರಿ 27ರಂದು ಒಡಂಬಡಿಕೆ ಜಾರಿಗೆ ಬಂತು.

ಅಂತಾರಾಷ್ಟ್ರೀಯ ನ್ಯಾಯಾಲಯ: 1976ರಲ್ಲಿ ನ್ಯಾಯಾಧೀಶರಾದರು, 1979ರಲ್ಲಿ ಉಪಾಧ್ಯಕ್ಷರು. 1981ರ ಆಗಸ್ಟ್‌ನಲ್ಲಿ ಅಧ್ಯಕ್ಷ ಹಂಫ್ರಿ ವಾಲ್ಡಾಕ್ ತೀರಿಕೊಂಡಾಗ ಹಂಗಾಮಿ ಅಧ್ಯಕ್ಷರಾಗಿ, 1982ರಿಂದ 1985ರವರೆಗೆ ಅಧ್ಯಕ್ಷರಾಗಿ ಕೆಲಸ ಮಾಡಿದರು. ಅಮೆರಿಕದ ವಿರುದ್ಧ ನಿಕರಾಗುವ ಹೂಡಿದ ಮೊಕದ್ದಮೆಯನ್ನು ವಿಚಾರಣೆ ಮಾಡುವ ಅಧಿಕಾರ ತನಗಿದೆಯೆಂದು 1984ರ ನವೆಂಬರ್ 26ರಂದು ನ್ಯಾಯಾಲಯ ತೀರ್ಪಿತ್ತಾಗ ಪೀಠದ ಮಧ್ಯದಲ್ಲಿ ಕೂತಿದ್ದವರು ಇಲಾಯಸ್. ಸಣ್ಣ ದೇಶವೊಂದು ಬಲಾಢ್ಯ ದೇಶವನ್ನು ಕಟಕಟೆಗೆ ಕರೆಯಬಲ್ಲುದೆಂದು ಆ ತೀರ್ಪು ತೋರಿಸಿಕೊಟ್ಟಿತು. ಇವರ ನಂತರ ಭಾರತದ ನಗೇಂದ್ರ ಸಿಂಗ್ ಅಧ್ಯಕ್ಷರಾದರು.

ಇತರ ಕೃತಿಗಳು: 'ಆಫ್ರಿಕಾ ಅಂಡ್ ದಿ ಡೆವಲಪ್‌ಮೆಂಟ್ ಆಫ್ ಇಂಟರ್‌ನ್ಯಾಷನಲ್ ಲಾ' (1972), 'ದಿ ಮಾಡರ್ನ್ ಲಾ ಆಫ್ ಟ್ರೀಟೀಸ್' (1974). ನ್ಯಾಯಾಧೀಶರಾಗಿದ್ದಾಗಲೇ 1991ರ ಆಗಸ್ಟ್ 14ರಂದು ನಿಧನರಾದರು.