ಕೋಣಕ್ಕೆ ಕಿರಿಯ ವಿಭಾಗವಿದೆ, ಓಟಗಾರನಿಗೆ?

ಕಾಪು ತಾಲೂಕಿನ ಕಟಪಾಡಿಯ ಮೂಡು-ಪಡು, ಅಡ್ವೆ ನಂದಿಕೂರಿನ ಕೋಟಿ-ಚೆನ್ನಯ, ಕಾರ್ಕಳ ಕಡೆಯ ಮಿಯ್ಯಾರಿನ ಲವ-ಕುಶ. ಕಂಬಳದ ಈ ಜೋಡುಕರೆಗಳಲ್ಲಿ, ಅಂದರೆ ಜೋಡಿ ಕೆಸರು ಹಾದಿಗಳಲ್ಲಿ, ಯಾರ ಮನೆಯ ಕೋಣ ಗೆದ್ದಿತು ಎಂಬ ಲೆಕ್ಕ ಕಂಬಳಪ್ರಿಯರ ನಾಲಿಗೆ ತುದಿಯಲ್ಲಿರುತ್ತದೆ. ಓಡಿಸಿದ ಹುಡುಗ ಹೇಗೆ ತಯಾರಾದ ಎಂಬ ಕಡೆಗೆ ಗಮನ ಹರಿದದ್ದು ಈಚೆಗೆ.

ಹಿಂದೆ ತರಬೇತಿಯೆಂದರೆ ಗದ್ದೆ ಮತ್ತು ಹಟ್ಟಿ. ಕೋಣಗಳಿಗೆ ಹುರುಳಿ ಬೇಯಿಸಿ ಹಾಕುತ್ತ, ಮೈಗೆ ಎಣ್ಣೆ ತಿಕ್ಕುತ್ತ ಬೆಳೆದವನೇ ಒಂದು ದಿನ ಹಗ್ಗ ಹಿಡಿಯುತ್ತಿದ್ದ. ಯಾವ ಜೋಡಿ ಯಾರ ಕೈಗೆ ಎಂಬ ತೀರ್ಮಾನ ಕೋಣಗಳ ಯಜಮಾನನದ್ದು. ಕೋಣದ ಗುಣ ಅರಿತವನೇ ಕರೆಗೆ ಇಳಿಯುತ್ತಿದ್ದ ಎಂಬುದು ಆ ಪದ್ಧತಿಯ ದೊಡ್ಡ ಬಲ.

2011ರಲ್ಲಿ ಗುಣಪಾಲ ಕಡಂಬ ಅವರು ಮಿಯ್ಯಾರಿನಲ್ಲಿ ಕಂಬಳ ಅಕಾಡೆಮಿ ಆರಂಭಿಸಿದಾಗ ವ್ಯಾಯಾಮ, ಕೋಣಗಳ ಆರೈಕೆ, ಕರೆಯ ಶಿಸ್ತು ಪಾಠವಾಗಿ ಒಂದೆಡೆ ಬಂದವು. 2014ರ ಮೇ ತಿಂಗಳಲ್ಲಿ ಪ್ರಾಣಿಗಳ ಇಂಥ ಓಟಗಳನ್ನು ತಡೆದ ಸುಪ್ರೀಂ ಕೋರ್ಟಿನ ತೀರ್ಪು ಬಂತು. ಋತು ನಡೆಯುತ್ತದೋ ಇಲ್ಲವೋ ಎಂಬ ಆತಂಕದಲ್ಲೇ ಹಲವು ವರ್ಷ ಕಳೆದವು. ಕಂಬಳಕ್ಕೆ ಅವಕಾಶ ಕೊಟ್ಟ ರಾಜ್ಯದ ತಿದ್ದುಪಡಿ ಕಾಯ್ದೆಯನ್ನು 2023ರ ಮೇ 18ರಂದು ಅದೇ ನ್ಯಾಯಾಲಯ ಎತ್ತಿಹಿಡಿಯಿತು.

ನಡುವೆ 2020ರ ಫೆಬ್ರುವರಿ. ಐಕಳದ ಕಂಬಳದಲ್ಲಿ ಓಟಗಾರ ಶ್ರೀನಿವಾಸ ಗೌಡರು 142.50 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದರೆಂಬ ಸುದ್ದಿ ಹಬ್ಬಿ, ಉಸೇನ್ ಬೋಲ್ಟ್ ಜೊತೆ ಹೋಲಿಕೆ ಶುರುವಾಯಿತು. ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಅವರು ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ಕೇಂದ್ರದಲ್ಲಿ ಪರೀಕ್ಷೆಗೆ ಕರೆದರು. ಗೌಡರು ಒಪ್ಪಲಿಲ್ಲ. ಕೆಸರಿನಲ್ಲಿ ಹಿಮ್ಮಡಿ ಊರಿ ಓಡುವ ಕಾಲಿಗೆ ಮುಂಗಾಲಿನ ಟ್ರ್ಯಾಕ್ ಬೇರೆಯೇ ಲೋಕ. ಅಲ್ಲದೆ ಇಲ್ಲಿ ವೇಗದ ಬಹುಪಾಲು ಕೋಣಗಳದ್ದು. ಕ್ಯಾಮೆರಾಗಳು ಮುತ್ತಿದ ಆ ವಾರದಲ್ಲಿ ಬೇಡವೆಂದದ್ದು ಅವರ ವೃತ್ತಿಯ ಅತ್ಯಂತ ಒಳ್ಳೆಯ ನಿರ್ಧಾರ ಎಂದೇ ನಾನು ಭಾವಿಸುತ್ತೇನೆ.

ಇಂಥ ನಿರ್ಧಾರ ಹೊಸಬರ ಪರವಾಗಿ ಯಾರು ಮಾಡಬೇಕು? ಕಂಬಳದ ಒಂದೊಂದು ವಿಭಾಗದ ಬೇಡಿಕೆ ಒಂದೊಂದು. ಕನೆಹಲಗೆಯವನು ಹಲಗೆಯ ಮೇಲೆ ನಿಂತು ನೀರನ್ನು ಮೇಲೆ ಕಟ್ಟಿದ ನಿಶಾನೆಯ ಎತ್ತರಕ್ಕೆ ಚಿಮ್ಮಿಸಬೇಕು. ಅಲ್ಲಿ ಬೇಕಾದ್ದು ಸಮತೋಲ. ಹಗ್ಗದವನಿಗೆ ಆಸರೆಗೆ ಹಲಗೆಯೂ ಇಲ್ಲ, ನೇಗಿಲೂ ಇಲ್ಲ. ಕೋಣಗಳ ಓಟಕ್ಕೆ ತನ್ನ ಹೆಜ್ಜೆಯನ್ನೇ ಹೊಂದಿಸಬೇಕು. ತಪ್ಪಿದರೆ ಕೆಸರಿನಲ್ಲಿ ಎಳೆದುಕೊಂಡು ಹೋಗುತ್ತವೆ. ನೇಗಿಲು ಕಿರಿಯ, ಹಗ್ಗ ಕಿರಿಯ ಎಂಬ ವಿಭಾಗಗಳಿವೆ, ನಿಜ. ಆದರೆ ಆ ಕಿರಿತನ ಕೋಣಗಳದ್ದು. ಇಪ್ಪತ್ತರ ಹುಡುಗ ಮೊದಲ ವರ್ಷವೇ ಹಿರಿಯ ಜೋಡಿಯ ಹಿಂದೆ ನಿಲ್ಲಬಹುದು, ಹಗಲು ಓಡಿದವನು ನಡುರಾತ್ರಿ ಮತ್ತೆ ಓಡಬಹುದು.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ವಿಷಯದಲ್ಲೂ ಹೊಸಬನನ್ನು ಯಾವಾಗ ಕಣಕ್ಕಿಳಿಸಬೇಕೆಂಬ ಇದೇ ಚರ್ಚೆಯಿದೆ. 2002ರಲ್ಲಿ ಹೂಸ್ಟನ್ ತಂಡ ಡೇವಿಡ್ ಕಾರ್‌ನನ್ನು ಮೊದಲ ವರ್ಷವೇ ಕಣಕ್ಕಿಳಿಸಿತು. ಆ ಋತುವಿನಲ್ಲಿ ಎದುರಾಳಿಗಳು ಅವನನ್ನು 76 ಸಲ ಕೆಡವಿದರು, ಅವನ ಆಟ ನಿರೀಕ್ಷೆಯಷ್ಟು ಬೆಳೆಯಲೇ ಇಲ್ಲ. 2005ರಲ್ಲಿ ಗ್ರೀನ್ ಬೇ ತಂಡ ಸೇರಿದ ಆರನ್ ರಾಡ್ಜರ್ಸ್ ಮೂರು ಋತು ಹಿರಿಯ ಬ್ರೆಟ್ ಫಾವ್ರ್‌ನ ಹಿಂದೆ ಕಾದು ಕುಳಿತ, ಆಮೇಲೆ ತಂಡಕ್ಕೆ ಸೂಪರ್ ಬೌಲ್ ಗೆದ್ದುಕೊಟ್ಟ. ಕಾಯಿಸಿದರೆ ಎಲ್ಲರೂ ರಾಡ್ಜರ್ಸ್ ಆಗುವುದಿಲ್ಲ. ಆದರೂ ಕಾಯಿಸುವುದೂ ತರಬೇತುದಾರನ ಕೆಲಸವೇ.

ನಮ್ಮಲ್ಲಿ ಅಕಾಡೆಮಿ ಕಲಿಸಬಲ್ಲದು. ಕಲಿತವನನ್ನು ಯಾವಾಗ, ಎಷ್ಟು ಸಲ ಓಡಿಸುವುದೆಂಬುದು ಇಂದಿಗೂ ಯಜಮಾನನ ಮರ್ಜಿ. ಹೊಸ ಓಟಗಾರನಿಗೆ ಮೊದಲ ಋತುವಿನಲ್ಲಿ ಒಂದೇ ವಿಭಾಗ, ಒಂದು ಕಂಬಳದಲ್ಲಿ ಇಂತಿಷ್ಟೇ ಓಟ ಎಂಬ ನಿಯಮವನ್ನು ಕಂಬಳ ಸಮಿತಿ, ಅಕಾಡೆಮಿ, ಯಜಮಾನರು ಕೂತು ಬರೆದುಕೊಳ್ಳಲಿ. ಮಳೆಗಾಲ ಮುಗಿದು ಕರೆಗಳಿಗೆ ನೀರು ಬಿಡುವ ಮೊದಲೇ ಅದು ಆಗಬೇಕು.